ಫ್ರೋಜನ್ ಆಹಾರವೆಲ್ಲ ಹಳಸಲೇ? ಬರ್ಡ್ಸ್‌ಐ ಅಂಗಡಿಗೆ ತಂದ ಚಳಿ

ಫ್ರೀಜರ್‌ನಲ್ಲಿಟ್ಟ ಆಹಾರವೆಲ್ಲ ಹಳಸಲು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಳಿಸುವ ಮುನ್ನ ಕ್ಲಾರೆನ್ಸ್ ಬರ್ಡ್ಸ್‌ಐ ಬಗ್ಗೆ ಓದಿ.

1886ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಇವರು ಹಣವಿಲ್ಲದೆ ಕಾಲೇಜು ಬಿಟ್ಟವರು. 1912ರಲ್ಲಿ ಇಂದಿನ ಕೆನಡಾದ ಲ್ಯಾಬ್ರಡಾರ್‌ಗೆ ಹೋದರು. ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ತಟ್ಟನೆ ಕಲ್ಲಾಗುತ್ತಿತ್ತು. ತಿಂಗಳುಗಳ ಮೇಲೆ ಬೇಯಿಸಿದರೂ ತಾಜಾ ರುಚಿ! ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಐಸ್ ಹರಳುಗಳು ಜೀವಕೋಶಗಳನ್ನು ಹರಿಯುತ್ತವೆ. ಬೇಗ ಗಟ್ಟಿಯಾದರೆ ಹರಳು ಚಿಕ್ಕದು, ಹಾನಿ ಕಡಿಮೆ. ಅದನ್ನೇ ಅವರು ಯಂತ್ರಕ್ಕಿಳಿಸಿದರು. 1929ರಲ್ಲಿ ವ್ಯವಹಾರ 2.2 ಕೋಟಿ ಡಾಲರಿಗೆ ಮಾರಾಟವಾಯಿತು.

ನಿಜವಾದ ತೊಡಕು ಬಂದಿದ್ದು ಆಮೇಲೆ. 1930ರ ಮಾರ್ಚಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ 18 ಅಂಗಡಿಗಳಲ್ಲಿ ಮಾರಾಟದ ಪ್ರಯೋಗ ನಡೆಯಿತು. ಆದರೆ ಮಾಲನ್ನು ಹೆಪ್ಪುಗಟ್ಟಿಯೇ ಉಳಿಸುವ ಡಿಸ್‌ಪ್ಲೇ ಪೆಟ್ಟಿಗೆ ಸಾಮಾನ್ಯ ಅಂಗಡಿಯವರ ಕೈಗೆಟುಕದಷ್ಟು ದುಬಾರಿ. 1934ರಿಂದ ಅಗ್ಗದ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡತೊಡಗಿದ ಮೇಲೆಯೇ ದಾರಿ ಸುಗಮವಾಯಿತು. ಬರ್ಡ್ಸ್‌ಐ 1956ರಲ್ಲಿ ತೀರಿಕೊಂಡರು.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳೇ? ಆಹಾರ ಕೆಡುವುದು ಚಳಿಯಿಂದಲ್ಲ, ಚಳಿ ತಪ್ಪಿದಾಗ. ಹೆಪ್ಪುಗಟ್ಟಿಸಿದರೆ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೇ. ಕರಗಿದರೆ ಮತ್ತೆ ಬೆಳೆಯುತ್ತವೆ. ಅದಕ್ಕೇ ಮೈನಸ್ 18 ಡಿಗ್ರಿ ಬೇಕು. ಪೆಟ್ಟಿಗೆಯೊಳಗಿನ ಗೆರೆ ಮೀರಿ ಪೇರಿಸಿದ ಪ್ಯಾಕೆಟ್‌ಗೆ ಆ ಚಳಿ ಸರಿಯಾಗಿ ತಲುಪುವುದಿಲ್ಲ, ಅದನ್ನು ತೆಗೆದುಕೊಳ್ಳಬೇಡಿ.