ಸೈಮನ್ ಆಯೋಗದ ಸದಸ್ಯತ್ವದಿಂದ ಪ್ರಧಾನಿ ಪದವಿಗೆ: ಕ್ಲೆಮೆಂಟ್ ಅಟ್ಲಿ

ಭಾರತ ಸ್ವಾತಂತ್ರ್ಯ ಕಾಯ್ದೆಗೆ 1947ರ ಜುಲೈ 18ರಂದು ರಾಜನ ಅಂಕಿತ ಬಿದ್ದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಕ್ಲೆಮೆಂಟ್ ಅಟ್ಲಿ. ಅದಕ್ಕೆ 19 ವರ್ಷ ಮೊದಲು ಕಪ್ಪು ಬಾವುಟಗಳ ನಡುವೆ ಈ ದೇಶಕ್ಕೆ ಕಾಲಿಟ್ಟ ಸೈಮನ್ ಆಯೋಗದಲ್ಲಿಯೂ ಅವರಿದ್ದರು. ಶಾಲಾ ಪಠ್ಯಗಳು ಸೈಮನ್ ಹೆಸರನ್ನು ಉಳಿಸಿಕೊಂಡಿವೆ. ಅಟ್ಲಿ ಅದರ ಸದಸ್ಯರಾಗಿದ್ದುದನ್ನು ಬಲ್ಲವರು ಕಡಿಮೆ.

1883ರ ಜನವರಿ 3ರಂದು ಲಂಡನ್ನಿನ ಪಟ್ನಿಯಲ್ಲಿ ಜನಿಸಿದ ಅಟ್ಲಿ ಓದಿದ್ದು ಹೇಲಿಬರಿ ಶಾಲೆಯಲ್ಲಿ. ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ತರಬೇತಿ ಪಡೆದ ಸ್ಥಳವದು. ಆಕ್ಸ್‌ಫರ್ಡ್ ಪದವಿ, ವಕೀಲಿಕೆ, ಪೂರ್ವ ಲಂಡನ್ನಿನ ಬಡಬೀದಿಗಳಲ್ಲಿ ಸಮಾಜಸೇವೆ, ಮೊದಲ ಮಹಾಯುದ್ಧದಲ್ಲಿ ಗ್ಯಾಲಿಪೊಲಿ ರಣರಂಗ. ಬಳಿಕ 1922ರಲ್ಲಿ ಲೈಮ್‌ಹೌಸ್‌ನಿಂದ ಲೇಬರ್ ಪಕ್ಷದ ಸಂಸದರಾದರು.

1919ರ ಕಾಯ್ದೆಯ ಪ್ರಕಾರ ಹತ್ತು ವರ್ಷಗಳ ನಂತರ ಭಾರತದ ಆಡಳಿತ ಸುಧಾರಣೆಯ ಪರಿಶೀಲನೆಗೆ ಆಯೋಗವೊಂದು ರಚನೆಯಾಗಬೇಕಿತ್ತು. ಮುಂದಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದರೆ ಆಯ್ಕೆ ತಮ್ಮ ಕೈತಪ್ಪೀತೆಂಬ ಆತಂಕದಿಂದ ಕನ್ಸರ್ವೇಟಿವ್ ಪಕ್ಷದ ಭಾರತ ಮಂತ್ರಿ ಬರ್ಕನ್‌ಹೆಡ್ ಅದನ್ನು 1927ರಲ್ಲಿಯೇ ರಚಿಸಿದರು. ಅಧ್ಯಕ್ಷ ಜಾನ್ ಸೈಮನ್ ಲಿಬರಲ್, ನಾಲ್ವರು ಕನ್ಸರ್ವೇಟಿವ್, ಉಳಿದಿಬ್ಬರು ಲೇಬರ್. ಮೇಲ್ಮನೆ, ಕೆಳಮನೆಗಳೆರಡಕ್ಕೂ ಸ್ಥಾನ ದೊರೆತಿತ್ತು. ಪಕ್ಷಗಳ ಲೆಕ್ಕದಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದುದು ಭಾರತೀಯರದು.

ಸಂಸತ್ತಿಗೆ ವರದಿ ಕೊಡಬೇಕಾದ ಆಯೋಗದಲ್ಲಿ ಸಂಸದರಷ್ಟೇ ಇರಬೇಕೆಂಬುದು ಸರ್ಕಾರದ ಸಮರ್ಥನೆ. ಈ ವಾದ ನಿಲ್ಲುವಂಥದಲ್ಲ. ಆಗ ಮೇಲ್ಮನೆಯಲ್ಲಿ ಲಾರ್ಡ್ ಸಿನ್ಹಾ, ಕೆಳಮನೆಯಲ್ಲಿ ಶಾಪುರ್ಜಿ ಸಕ್ಲಾತ್ವಾಲಾ ಇದ್ದೇ ಇದ್ದರು. ಮನಸ್ಸಿದ್ದರೆ ನಿಯಮದೊಳಗೇ ದಾರಿಯಿತ್ತು.

ಅಟ್ಲಿಗೆ ಈ ಹೊಣೆ ಇಷ್ಟವಾದುದೇನಲ್ಲ. ಮುಂದೆ ಮಂತ್ರಿಯಾಗಲು ಇದು ಅಡ್ಡಿಯಾಗದೆಂದು ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಭರವಸೆಯಿತ್ತ ಮೇಲೆ ಒಪ್ಪಿದರು. 1928ರ ಫೆಬ್ರವರಿ 3ರಂದು ಆಯೋಗ ಮುಂಬಯಿಯಲ್ಲಿ ಇಳಿದಾಗ ಹರತಾಳ ಎದುರಾಯಿತು. ಅದೇ ತಿಂಗಳು ಲಾಲಾ ಲಜಪತ ರಾಯ್ ಮಂಡಿಸಿದ ಅಸಹಕಾರದ ನಿರ್ಣಯವನ್ನು ಕೇಂದ್ರ ಶಾಸನಸಭೆ 62ರ ವಿರುದ್ಧ 68 ಮತಗಳಿಂದ ಅಂಗೀಕರಿಸಿತು. ಅಕ್ಟೋಬರ್ 30ರಂದು ಆಯೋಗ ಲಾಹೋರ್ ತಲುಪಿದಾಗ ಪ್ರತಿಭಟನೆಯ ಮುಂಚೂಣಿಯಲ್ಲಿದ್ದ ರಾಯ್ ಲಾಠಿ ಏಟು ತಿಂದರು. ನವೆಂಬರ್ 17ರಂದು ನಿಧನರಾದರು.

1929ರಲ್ಲಿ ಲೇಬರ್ ಸರ್ಕಾರ ಬಂದರೂ ಭರವಸೆ ಈಡೇರಲಿಲ್ಲ, ಅಟ್ಲಿ ಹೊರಗುಳಿದರು. ಮಂತ್ರಿಪದ ದೊರೆತದ್ದು 1930ರ ಮೇ ತಿಂಗಳಲ್ಲಿ, ಆಸ್ವಾಲ್ಡ್ ಮೋಸ್ಲಿ ರಾಜೀನಾಮೆಯಿತ್ತ ನಂತರ. ಅದೇ ಹೊತ್ತಿಗೆ ಹೊರಬಂದ ಆಯೋಗದ ವರದಿ ಪ್ರಾಂತಗಳಲ್ಲಿನ ದ್ವಿ ಸರ್ಕಾರ ಪದ್ಧತಿಯನ್ನು ಕೈಬಿಡಲು ಸೂಚಿಸಿತು, ಡೊಮಿನಿಯನ್ ಸ್ಥಾನಮಾನದ ಪ್ರಸ್ತಾಪವನ್ನೇ ಮಾಡಲಿಲ್ಲ. ಏಳೂ ಸದಸ್ಯರ ಸಹಿ ಅದಕ್ಕಿತ್ತು, ಅಟ್ಲಿಯದೂ ಸೇರಿ.

ಆದರೆ 1933ರಲ್ಲಿ ಉಭಯ ಸದನಗಳ ಜಂಟಿ ಸಮಿತಿಯಲ್ಲಿ ಕುಳಿತಾಗ ಅವರ ನಿಲುವು ಬದಲಾಗಿತ್ತು. ಅಲ್ಲಿ ಭಾರತೀಯ ಪ್ರತಿನಿಧಿಗಳಿಗೆ ಚರ್ಚೆಯಲ್ಲಿ ಪಾಲಿತ್ತು, ಮತದ ಹಕ್ಕಿರಲಿಲ್ಲ. ಲೇಬರ್ ಸದಸ್ಯರ ಪರವಾಗಿ ಅಟ್ಲಿ ಪರ್ಯಾಯ ಕರಡು ವರದಿ ಮಂಡಿಸಿದರು; 1935ರ ಮಸೂದೆಯಲ್ಲಿ ಡೊಮಿನಿಯನ್ ಸ್ಥಾನಮಾನದ ಮಾತಿಲ್ಲವೆಂದು ಸಂಸತ್ತಿನಲ್ಲಿ ವಿರೋಧಿಸಿದರು.

1945ರ ಜುಲೈನಲ್ಲಿ ಪ್ರಧಾನಿಯಾದ ಬಳಿಕ ವಿಳಂಬ ಮಾಡಲಿಲ್ಲ. 1946ರಲ್ಲಿ ಸಂಪುಟದ ಮೂವರು ಸಚಿವರನ್ನು ಭಾರತಕ್ಕೆ ಕಳಿಸಿದರು. 1947ರ ಫೆಬ್ರವರಿ 20ರಂದು ಅಧಿಕಾರ ಹಸ್ತಾಂತರದ ಗಡುವು ಘೋಷಿಸಿದರು. ಗಡಿ ಗುರುತಿಸುವಾಗ ಮತ್ತೆ ಪಕ್ಷ ಸಮತೋಲನದ ಸೂತ್ರವೇ ಬಂತು. ಪಂಜಾಬ್, ಬಂಗಾಳ ಆಯೋಗಗಳೆರಡರಲ್ಲಿಯೂ ಕಾಂಗ್ರೆಸ್ ಸೂಚಿಸಿದ ಇಬ್ಬರು, ಮುಸ್ಲಿಂ ಲೀಗ್ ಸೂಚಿಸಿದ ಇಬ್ಬರು ನ್ಯಾಯಾಧೀಶರಿದ್ದರು. ಈ ಬಾರಿ ಸದಸ್ಯರು ಈ ನೆಲದವರೇ. ಆದರೆ ಅಭಿಪ್ರಾಯ ಸಮಸಮವಾಗಿ ಒಡೆಯಿತು. ಕೋಟ್ಯಂತರ ಜನರ ಊರು ಯಾವ ದೇಶಕ್ಕೆ ಸೇರಬೇಕೆಂಬುದನ್ನು ಕೊನೆಗೆ ನಿರ್ಧರಿಸಿದವರು ಅಧ್ಯಕ್ಷ ಸಿರಿಲ್ ರ‍್ಯಾಡ್‌ಕ್ಲಿಫ್ ಒಬ್ಬರೇ. ಆಗಸ್ಟ್ 17ರಂದು, ಸ್ವಾತಂತ್ರ್ಯದ ಎರಡು ದಿನ ತರುವಾಯ, ಆ ತೀರ್ಪು ಪ್ರಕಟವಾಯಿತು.

ಅಟ್ಲಿ 1951ರಲ್ಲಿ ಅಧಿಕಾರ ಕಳೆದುಕೊಂಡರು, 1955ರಲ್ಲಿ ಮೇಲ್ಮನೆ ಸೇರಿದರು. 1967ರ ಅಕ್ಟೋಬರ್ 8ರಂದು ಲಂಡನ್ನಿನಲ್ಲಿ ನಿಧನರಾದಾಗ ಅವರಿಗೆ 84 ವರ್ಷ.