ಕಾರಿಗೆ ತಂಪು ತಂದ ಥಾಮಸ್ ಮಿಡ್ಜ್ಲಿ

ಮಕ್ಕಳೇ, ತಿಪಟೂರಿನ ಹೆದ್ದಾರಿ ಬದಿಯ ಗ್ಯಾರೇಜಿನ ಮುಂದೆ ಬಾನೆಟ್ ಎತ್ತಿ ನಿಲ್ಲಿಸಿದ ಹಳೆಯ ಕಾರನ್ನು ನೀವು ನೋಡಿರಬಹುದು. ಇಂಜಿನ್ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಎ.ಸಿ. ಹಾಕಿದರೆ ತಂಪು ಗಾಳಿಯ ಬದಲು ಬಿಸಿ ಗಾಳಿ ಬರುತ್ತದೆ. ಪರೀಕ್ಷಿಸಿದ ಮೆಕ್ಯಾನಿಕ್ ಗ್ಯಾಸ್ ಸೋರಿಹೋಗಿದೆ ಎನ್ನುತ್ತಾರೆ. ಕಾರು 30 ವರ್ಷಕ್ಕಿಂತ ಹಳೆಯದಾಗಿದ್ದರೆ ಅದರಲ್ಲಿ ಮೊದಲಿದ್ದ ಗ್ಯಾಸ್ ಈಗ ಸಿಗುವುದಿಲ್ಲ ಎಂದೂ ಹೇಳಬಹುದು.

ಯಾವುದು ಆ ಗ್ಯಾಸ್? ಅದನ್ನು ಕಂಡುಹಿಡಿದವರು ಯಾರು? ಅದು ಈಗ ಏಕೆ ಸಿಗುವುದಿಲ್ಲ? ಈ ಮೂರು ಪ್ರಶ್ನೆಗಳಿಗೆ ಉತ್ತರ ಒಬ್ಬ ಅಮೆರಿಕನ್ ಇಂಜಿನಿಯರ್‌ನ ಬದುಕಿನಲ್ಲಿದೆ. ಅವರ ಹೆಸರು ಥಾಮಸ್ ಮಿಡ್ಜ್ಲಿ.

ಬಾಲ್ಯ ಮತ್ತು ಓದು

ಮಿಡ್ಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ಬೆಳೆದದ್ದು ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ತಂದೆಯೂ ಸಂಶೋಧಕರೇ. ವಾಹನದ ಟೈರುಗಳನ್ನು ಉತ್ತಮಗೊಳಿಸುವ ಕೆಲಸದಲ್ಲಿ ತೊಡಗಿದ್ದರು. ಹೀಗಾಗಿ ಹೊಸದನ್ನು ಮಾಡಿ ನೋಡುವ ಹುಮ್ಮಸ್ಸು ಮಗನಿಗೆ ಮನೆಯಲ್ಲಿಯೇ ದೊರೆಯಿತು.

1911ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಇಂಜಿನಿಯರಿಂಗ್ ಪದವಿ ಪಡೆದರು. ಓದಿದ್ದು ಯಂತ್ರಶಾಸ್ತ್ರ, ಆದರೆ ಹೆಸರು ಬಂದದ್ದು ರಸಾಯನ ವಿಜ್ಞಾನದಲ್ಲಿ! ರಸಾಯನ ವಿಜ್ಞಾನದ ಬಹುಪಾಲನ್ನು ಅವರು ಕೆಲಸ ಮಾಡುತ್ತಲೇ ಕಲಿತರು. ಧಾತುಗಳ ಆವರ್ತ ಕೋಷ್ಟಕವೇ ಅವರ ಮುಖ್ಯ ಮಾರ್ಗದರ್ಶಿಯಾಗಿತ್ತು.

ಕುಟ್ಟುವ ಇಂಜಿನ್

1916ರಲ್ಲಿ ಮಿಡ್ಜ್ಲಿ ಅವರು ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಕೈಯಿಂದ ತಿರುಗಿಸದೆ ವಿದ್ಯುತ್ತಿನಿಂದಲೇ ಕಾರನ್ನು ಚಾಲೂ ಮಾಡುವ ಸ್ಟಾರ್ಟರ್ ರೂಪಿಸಿದವರು ಈ ಕೆಟರಿಂಗ್. ಅಂದಿನ ಕಾರುಗಳಲ್ಲಿ ಒಂದು ದೊಡ್ಡ ತೊಂದರೆ ಇತ್ತು. ದಿಣ್ಣೆ ಏರುವಾಗ ಇಂಜಿನ್ ಒಳಗಿನಿಂದ ಸುತ್ತಿಗೆಯಲ್ಲಿ ಕುಟ್ಟಿದಂತೆ ಸದ್ದು ಬರುತ್ತಿತ್ತು. ಪೆಟ್ರೋಲ್ ಸರಿಯಾದ ಕ್ರಮದಲ್ಲಿ ಉರಿಯದೆ ಒಮ್ಮೆಲೇ ಸಿಡಿಯುವುದರಿಂದ ಹೀಗಾಗುತ್ತದೆ. ಇದರಿಂದ ಇಂಜಿನ್ ಹಾಳಾಗುತ್ತಿತ್ತು, ಶಕ್ತಿಯೂ ವ್ಯರ್ಥವಾಗುತ್ತಿತ್ತು.

ಹಿಮದ ನಡುವೆಯೂ ಹೂಬಿಡುವ ಒಂದು ಗಿಡದ ಎಲೆಗಳ ಹಿಂಬದಿ ಕೆಂಪಾಗಿರುತ್ತದೆ. ಕೆಂಪು ಬಣ್ಣ ಶಾಖವನ್ನು ಹೀರಿ ಗಿಡಕ್ಕೆ ನೆರವಾಗುವುದಾದರೆ, ಪೆಟ್ರೋಲಿಗೂ ಕೆಂಪು ಬಣ್ಣ ಬೆರೆಸಿದರೆ ಹೇಗೆ? ಹೀಗೊಂದು ಊಹೆ ಅವರಿಗೆ ಹೊಳೆಯಿತು. ಆಗ ಕೈಗೆ ಸಿಕ್ಕಿದ್ದು ಅಯೋಡಿನ್. ಅದನ್ನು ಬೆರೆಸಿದಾಗ ಕುಟ್ಟುವ ಸದ್ದು ನಿಜಕ್ಕೂ ಕಡಿಮೆಯಾಯಿತು! ಆದರೆ ಮಿಡ್ಜ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆ ಕೆಂಪು ಬಣ್ಣಗಳನ್ನೂ ಬೆರೆಸಿ ನೋಡಿದರು. ಏನೂ ಪ್ರಯೋಜನವಾಗಲಿಲ್ಲ. ಹಾಗಾದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಅಯೋಡಿನ್ ಎಂಬ ವಸ್ತು ಎಂದು ಗೊತ್ತಾಯಿತು. ಊಹೆ ತಪ್ಪಾಗಿದ್ದರೂ ಪರೀಕ್ಷೆ ಸರಿಯಾಗಿದ್ದರೆ ನಿಜ ತಿಳಿಯುತ್ತದೆ, ಅಲ್ಲವೇ?

ಅಯೋಡಿನ್ ದುಬಾರಿ. ಆದ್ದರಿಂದ ಅವರು ಮತ್ತು ಜೊತೆಗಾರರು ವರ್ಷಗಟ್ಟಲೆ ಒಂದಾದ ಮೇಲೊಂದು ವಸ್ತುವನ್ನು ಪರೀಕ್ಷಿಸಿದರು. ಟೆಲ್ಲೂರಿಯಂ ಬಳಸಿದಾಗ ಬೆಳ್ಳುಳ್ಳಿಯಂಥ ನಾತ ಮೈಗೆ ಅಂಟಿ, ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲವಂತೆ! ಕೊನೆಗೆ 1921ರ ಡಿಸೆಂಬರ್ 9ರಂದು ಸೀಸದ ಒಂದು ಸಂಯುಕ್ತವನ್ನು ಪರೀಕ್ಷಿಸಿದರು. ಅದರ ಹೆಸರು ಟೆಟ್ರಾ ಈಥೈಲ್ ಲೆಡ್. ತೀರಾ ಸ್ವಲ್ಪ ಬೆರೆಸಿದರೂ ಕುಟ್ಟುವ ಸದ್ದು ಮಾಯ! 1923ರಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂದಿತು.

ತಿಳಿದೂ ಮುಚ್ಚಿಟ್ಟದ್ದು

ಸೀಸ ವಿಷ ಎಂಬುದು ಆಗಲೇ ತಿಳಿದಿದ್ದ ಸಂಗತಿ. ಮಿಡ್ಜ್ಲಿ ಅವರಿಗೇ 1923ರಲ್ಲಿ ಸೀಸದ ವಿಷ ತಗುಲಿತ್ತು. ಕೆಲಸ ಬಿಟ್ಟು, ಬೆಚ್ಚಗಿನ ಫ್ಲಾರಿಡಾಕ್ಕೆ ಹೋಗಿ ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಈ ವಸ್ತುವನ್ನು ತಯಾರಿಸುತ್ತಿದ್ದ 5 ಕೆಲಸಗಾರರು ಸತ್ತರು. ಹಲವರು ಆಸ್ಪತ್ರೆ ಸೇರಿದರು.

ಪತ್ರಕರ್ತರು ಪ್ರಶ್ನೆ ಕೇಳತೊಡಗಿದರು. ಆಗ ಮಿಡ್ಜ್ಲಿ ಅವರ ಎದುರಿನಲ್ಲಿಯೇ ಆ ದ್ರವವನ್ನು ಕೈಮೇಲೆ ಸುರಿದುಕೊಂಡು, ಒಂದು ನಿಮಿಷ ಅದರ ಆವಿಯನ್ನು ಮೂಸಿ, ಇದರಿಂದ ಅಪಾಯವಿಲ್ಲವೆಂದು ತೋರಿಸಿದರು. ತಾವೇ ಅದರಿಂದ ಕಾಯಿಲೆ ಬಿದ್ದಿದ್ದವರು ಹೀಗೆ ಮಾಡಿದ್ದು ಸರಿಯೇ? ನೀವೇ ಯೋಚಿಸಿ.

ಮದ್ಯಸಾರ, ಅಂದರೆ ಎಥನಾಲ್ ಬೆರೆಸಿದರೂ ಕುಟ್ಟುವ ಸದ್ದು ಕಡಿಮೆಯಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆದರೆ ಎಥನಾಲ್ ಹೆಚ್ಚು ಬೇಕು, ಸೀಸ ಸ್ವಲ್ಪ ಸಾಕು. ಸೀಸದಿಂದ ಲಾಭವೂ ಹೆಚ್ಚು. ಹೀಗಾಗಿ ಸೀಸವೇ ಗೆದ್ದಿತು. ಹಲವು ದಶಕಗಳ ಕಾಲ ಕಾರುಗಳ ಹೊಗೆಯಲ್ಲಿ ಸೀಸ ಗಾಳಿಗೆ ಸೇರಿತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಪ್ರಪಂಚದ ಕೊನೆಯ ದೇಶವಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಇಂದು ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ.

ತಂಪು ಹುಟ್ಟುವುದು ಹೇಗೆ?

ಇನ್ನು ಎ.ಸಿ.ಯ ಕಥೆಗೆ ಬರೋಣ. ಮಡಕೆಯ ನೀರು ತಣ್ಣಗಿರುವುದೇಕೆ? ಮಡಕೆಯ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಮಡಕೆಯಿಂದಲೇ ತೆಗೆದುಕೊಳ್ಳುತ್ತದೆ. ಕಾರಿನ ಎ.ಸಿ.ಯಲ್ಲಿ ನಡೆಯುವುದೂ ಇದೇ. ಅಲ್ಲಿ ನೀರಿನ ಬದಲು ಬೇಗ ಆವಿಯಾಗುವ ಬೇರೊಂದು ವಸ್ತು ಇರುತ್ತದೆ. ಅದೇ ಶೀತಕ. ಗ್ಯಾರೇಜಿನವರು ಗ್ಯಾಸ್ ಎನ್ನುವುದು ಇದನ್ನೇ.

ಇಂಜಿನ್ ಬಲದಿಂದ ತಿರುಗುವ ಕಂಪ್ರೆಸರ್ ಶೀತಕವನ್ನು ಒತ್ತುತ್ತದೆ. ಬಿಸಿಯಾದ ಶೀತಕ ಕಾರಿನ ಮುಂಭಾಗದ ಕಂಡೆನ್ಸರ್‌ನಲ್ಲಿ ಹೊರಗಿನ ಗಾಳಿಗೆ ಶಾಖ ಕೊಟ್ಟು ದ್ರವವಾಗುತ್ತದೆ. ನಂತರ ಕಿರಿದಾದ ದ್ವಾರವೊಂದರ ಮೂಲಕ ನುಗ್ಗಿದಾಗ ಅದರ ಒತ್ತಡ ತಟ್ಟನೆ ಇಳಿಯುತ್ತದೆ. ಆಗ ಅದು ಆವಿಯಾಗುತ್ತಾ ಕಾರಿನ ಒಳಗಿನ ಗಾಳಿಯಿಂದ ಶಾಖ ಹೀರುತ್ತದೆ. ಗಾಳಿ ತಣ್ಣಗಾಗುತ್ತದೆ. ಅದೇ ಶೀತಕ ಮತ್ತೆ ಕಂಪ್ರೆಸರ್‌ಗೆ ಮರಳುತ್ತದೆ. ಅದು ಖರ್ಚಾಗುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಸೋರಿದರೆ ಮಾತ್ರ ಕಡಿಮೆಯಾಗುತ್ತದೆ.

ಹೊಸ ಶೀತಕದ ಹುಡುಕಾಟ

1920ರ ದಶಕದ ಫ್ರಿಜ್‌ಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್ ಮತ್ತು ಮೀಥೈಲ್ ಕ್ಲೋರೈಡ್ ಎಂಬ ಶೀತಕಗಳಿದ್ದವು. ಮೂರೂ ವಿಷ. ರಾತ್ರಿ ಸೋರಿದರೆ ಮನೆಯವರ ಪ್ರಾಣವೇ ಹೋಗಬಹುದಿತ್ತು. ವಿಷವಲ್ಲದ, ಬೆಂಕಿ ಹತ್ತದ ಶೀತಕವನ್ನು ಹುಡುಕಿ ಎಂದು ಕೆಟರಿಂಗ್ ಅವರು ಮಿಡ್ಜ್ಲಿ ಅವರಿಗೆ ಹೇಳಿದರು.

ಮಿಡ್ಜ್ಲಿ ಮತ್ತೆ ಆವರ್ತ ಕೋಷ್ಟಕದ ಮುಂದೆ ಕುಳಿತರು. ಜೊತೆಗಾರರಾದ ಆಲ್ಬರ್ಟ್ ಹೆನ್ನೆ ಮತ್ತು ರಾಬರ್ಟ್ ಮೆಕ್‌ನಾರಿ ಅವರೊಡನೆ ಇಂಗಾಲ, ಕ್ಲೋರಿನ್ ಮತ್ತು ಫ್ಲೋರಿನ್ ಸೇರಿದ ಒಂದು ವಸ್ತುವನ್ನು ತಯಾರಿಸಿದರು. ಅದನ್ನು ಗಿನಿ ಇಲಿಯ ಪಂಜರದೊಳಗೆ ಬಿಟ್ಟರು. ಇಲಿ ಆರಾಮವಾಗಿ ಇತ್ತು. ಕಚ್ಚಾವಸ್ತುವಿನ ಇನ್ನೊಂದು ಬಾಟಲಿಯಿಂದ ಮತ್ತೆ ತಯಾರಿಸಿ ಬಿಟ್ಟರು. ಈ ಸಲ ಇಲಿ ಸತ್ತುಹೋಯಿತು! ಹುಡುಕಿದಾಗ ಕಾರಣ ಸಿಕ್ಕಿತು. ಆ ಬಾಟಲಿಯಲ್ಲಿ ನೀರಿನ ಅಂಶವಿತ್ತು. ಅದರಿಂದ ಫಾಸ್ಜೀನ್ ಎಂಬ ಘೋರ ವಿಷ ಉಂಟಾಗಿತ್ತು. ಮೊದಲು ಕೈಗೆ ಸಿಕ್ಕಿದ್ದು ಕೆಟ್ಟ ಬಾಟಲಿಯೇ ಆಗಿದ್ದರೆ ಅವರು ಈ ದಾರಿಯನ್ನೇ ಬಿಡುತ್ತಿದ್ದರೇನೋ!

ಹೊಸ ಶೀತಕ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್ಲಿ ಅದನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿದರು. ಬತ್ತಿ ಆರಿತು. ಅದು ವಿಷವೂ ಅಲ್ಲ, ಬೆಂಕಿಯೂ ಹತ್ತುವುದಿಲ್ಲ ಎಂದು ಎಲ್ಲರಿಗೂ ಮನವರಿಕೆಯಾಯಿತು. ಅದಕ್ಕೆ ಫ್ರೀಯಾನ್ ಎಂಬ ವ್ಯಾಪಾರಿ ಹೆಸರು ಬಂತು. ಗ್ಯಾರೇಜಿನಲ್ಲಿ ಅದೇ ಆರ್-12. ಇಂಥ ವಸ್ತುಗಳ ಗುಂಪಿಗೆ ಸಿ.ಎಫ್.ಸಿ. ಎಂದು ಹೆಸರು. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿಯ ಕಾರುಗಳಲ್ಲಿ ಎ.ಸಿ. ಬಂದಿತು.

1940ರಲ್ಲಿ ಮಿಡ್ಜ್ಲಿ ಅವರಿಗೆ ಪೋಲಿಯೋ ತಗುಲಿ ಕಾಲುಗಳ ಬಲ ಹೋಯಿತು. ಹಾಸಿಗೆಯಿಂದ ಏಳಲು ಹಗ್ಗ ಮತ್ತು ರಾಟೆಗಳ ಸಾಧನವೊಂದನ್ನು ತಾವೇ ರೂಪಿಸಿಕೊಂಡರು. 1944ರ ನವೆಂಬರ್ 2ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಅವರನ್ನು ಆಗ ಎಲ್ಲರೂ ಮಹಾ ಸಂಶೋಧಕ ಎಂದೇ ಕೊಂಡಾಡಿದರು.

ಮುಗಿಲಿನಲ್ಲಿ ಆದ ಹಾನಿ

ಅವರು ತೀರಿಕೊಂಡ 30 ವರ್ಷಗಳ ಬಳಿಕ, 1974ರಲ್ಲಿ, ಶೆರ್ವುಡ್ ರೋಲೆಂಡ್ ಮತ್ತು ಮಾರಿಯೋ ಮೊಲಿನಾ ಎಂಬ ವಿಜ್ಞಾನಿಗಳು ಒಂದು ಸರಳ ಪ್ರಶ್ನೆ ಕೇಳಿದರು. ಸೋರಿಹೋದ ಸಿ.ಎಫ್.ಸಿ. ಕೊನೆಗೆ ಎಲ್ಲಿಗೆ ಹೋಗುತ್ತದೆ? ಅದು ನೆಲದ ಬಳಿ ಯಾವುದರ ಜೊತೆಗೂ ಸೇರುವುದಿಲ್ಲ. ಮಳೆಯಲ್ಲೂ ತೊಳೆದುಹೋಗುವುದಿಲ್ಲ. ಮೆಲ್ಲಗೆ ಮೇಲಕ್ಕೆ ಏರುತ್ತದೆ. ಬಹಳ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಅದನ್ನು ಒಡೆಯುತ್ತವೆ. ಆಗ ಬಿಡುಗಡೆಯಾದ ಒಂದು ಕ್ಲೋರಿನ್ ಪರಮಾಣು ಸುಮಾರು ಒಂದು ಲಕ್ಷ ಓಜೋನ್ ಅಣುಗಳನ್ನು ನಾಶಮಾಡಬಲ್ಲದು.

ಓಜೋನ್ ಪದರ ನಮ್ಮ ಭೂಮಿಯ ಕೊಡೆ. ಅದು ತೆಳುವಾದರೆ ಅತಿನೇರಳೆ ಕಿರಣಗಳು ಹೆಚ್ಚಾಗಿ ಕೆಳಗಿಳಿದು ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತವೆ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ಬಹಳ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದರು.

ಇಲ್ಲಿ ನಮ್ಮ ಬೆಂಗಳೂರಿನ ನಂಟೂ ಇದೆ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಅವರು ಯುವಕರಾಗಿದ್ದಾಗ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದ್ದರು. ಈ ಗ್ಯಾಸ್ ಏಕೆ ಸೋರುತ್ತದೆ ಎಂದು ಪತ್ತೆಮಾಡುವುದೇ ಅವರ ಕೆಲಸ! 1975ರಲ್ಲಿ ಅವರು ಸಿ.ಎಫ್.ಸಿ. ಭೂಮಿಯ ಬಿಸಿಯನ್ನೂ ಹೆಚ್ಚಿಸುತ್ತದೆ ಎಂದು ತೋರಿಸಿಕೊಟ್ಟರು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಆ ದಿನವನ್ನೇ ಓಜೋನ್ ದಿನವಾಗಿ ಆಚರಿಸುತ್ತೇವೆ. ಭಾರತ 1992ರಲ್ಲಿ ಒಪ್ಪಂದ ಸೇರಿ, 2008ರಲ್ಲಿ ಸಿ.ಎಫ್.ಸಿ. ಶೀತಕಗಳ ತಯಾರಿಕೆ ನಿಲ್ಲಿಸಿತು. ಓಜೋನ್ ಪದರ ಈಗ ನಿಧಾನವಾಗಿ ಚೇತರಿಸುತ್ತಿದೆ. ಅಂಟಾರ್ಕ್ಟಿಕಾದ ಮೇಲೆ ಅದು 1980ರ ಸ್ಥಿತಿಗೆ ಮರಳುವುದು ಸುಮಾರು 2066ರ ಹೊತ್ತಿಗೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಹಳೆಯ ಕಾರಿಗೆ ಮತ್ತೆ ತಂಪು

ಹಾಗಾದರೆ ಆ ಹಳೆಯ ಕಾರಿನ ಗತಿಯೇನು? ಅದನ್ನು ಆರ್-134ಎ ಎಂಬ ಬೇರೆ ಶೀತಕಕ್ಕೆ ಹೊಂದಿಸಬಹುದು. ಇದರಲ್ಲಿ ಕ್ಲೋರಿನ್ ಇಲ್ಲ. ಮೆಕ್ಯಾನಿಕ್ ಮೊದಲು ಸೋರಿಕೆಯನ್ನು ಪತ್ತೆಮಾಡಿ ಸರಿಪಡಿಸುತ್ತಾರೆ. ಸವೆದ ರಬ್ಬರ್ ಉಂಗುರಗಳನ್ನು ಬದಲಿಸುತ್ತಾರೆ. ಹಳೆಯ ಎಣ್ಣೆ ಹೊಸ ಶೀತಕದೊಡನೆ ಬೆರೆಯುವುದಿಲ್ಲ. ಆದ್ದರಿಂದ ಅದನ್ನು ತೆಗೆದು ತಕ್ಕ ಎಣ್ಣೆ ಹಾಕುತ್ತಾರೆ. ತೇವ ಹೀರುವ ಡಬ್ಬಿಯನ್ನೂ ಬದಲಿಸುತ್ತಾರೆ.

ತೇವಕ್ಕೇಕೆ ಇಷ್ಟು ಹೆದರಿಕೆ? ಅಟ್ಟದಲ್ಲಿಟ್ಟ ತೆಂಗಿನಕಾಯಿ ಪೂರಾ ಒಣಗದೆ ತೇವ ಉಳಿದರೆ ಕೊಬ್ಬರಿ ಕೆಡುತ್ತದೆ ಎಂಬುದು ನಿಮಗೆ ಗೊತ್ತು. ಎ.ಸಿ.ಯೂ ಹಾಗೆಯೇ. ಕೊಳವೆಯಲ್ಲಿ ತೇವ ಉಳಿದರೆ ಕಿರಿದಾದ ದ್ವಾರದಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳಬಹುದು. ಆಮ್ಲ ಉಂಟಾಗಿ ಲೋಹವನ್ನೂ ತಿನ್ನಬಹುದು. ಅದಕ್ಕೇ ನಿರ್ವಾತ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಎಳೆದು, ಬಳಿಕ ತೂಕ ನೋಡಿ ಗ್ಯಾಸ್ ತುಂಬುತ್ತಾರೆ. ಉಳಿದ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿನಲ್ಲಿ ಹಿಡಿದಿಡಬೇಕು.

ಆರ್-134ಎ ಓಜೋನನ್ನು ಕೆಡಿಸುವುದಿಲ್ಲ ನಿಜ. ಆದರೆ ಭೂಮಿಯ ಬಿಸಿ ಹೆಚ್ಚಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಆದ್ದರಿಂದ ಅದನ್ನೂ ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡಿವೆ. ಸೋರುವ ಎ.ಸಿ.ಗೆ ಮತ್ತೆ ಮತ್ತೆ ಗ್ಯಾಸ್ ತುಂಬಿಸುವುದಕ್ಕಿಂತ ಸೋರಿಕೆ ನಿಲ್ಲಿಸುವುದೇ ಮೇಲು.

ಮಿಡ್ಜ್ಲಿ ಅವರ ಎರಡು ಸಂಶೋಧನೆಗಳಿಂದಲೂ ಜಗತ್ತಿಗೆ ಹಾನಿಯಾಯಿತು. ಆದರೆ ಎರಡೂ ಒಂದೇ ಅಲ್ಲ. ಫ್ರೀಯಾನ್‌ನಿಂದ ಓಜೋನ್ ಹಾಳಾಗುತ್ತದೆ ಎಂಬುದು ಅವರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಸೀಸ ವಿಷ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿಯದೆ ಆದದ್ದನ್ನು ವಿಜ್ಞಾನವೇ ಮುಂದೆ ತಿದ್ದಿತು. ತಿಳಿದೂ ಮರೆಮಾಚಿದ್ದಕ್ಕೆ ಬೆಲೆ ತೆತ್ತವರು ಲಕ್ಷಾಂತರ ಮಕ್ಕಳು. ನೀವು ಮುಂದೆ ಏನನ್ನಾದರೂ ಕಂಡುಹಿಡಿದರೆ, ಅದು ಕೆಲಸ ಮಾಡುತ್ತದೆಯೇ ಎಂದು ಮಾತ್ರ ಕೇಳಬೇಡಿ. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ. ಎರಡನ್ನೂ ಗಾಳಿಯಾಡುವ ನೆರಳಿನಲ್ಲಿಡಿ. ಒಂದು ಗಂಟೆಯ ನಂತರ ಉಷ್ಣಮಾಪಕದಿಂದ ಎರಡರ ತಾಪವನ್ನೂ ಅಳೆಯಿರಿ. ಯಾವುದು ತಣ್ಣಗಿದೆ? ಮಳೆಗಾಲದಲ್ಲಿ ಇದೇ ಪ್ರಯೋಗ ಮಾಡಿದರೆ ವ್ಯತ್ಯಾಸ ಹೆಚ್ಚೋ ಕಡಿಮೆಯೋ? ಗುರುಗಳೊಡನೆ ಚರ್ಚಿಸಿ.