ಕರ್ನಲ್ ಕಾಲಿನ್ ಮೆಕೆಂಜಿ: ಸಂಗ್ರಹದಿಂದ ಸಂರಕ್ಷಣೆಯವರೆಗೆ

ಮಧುಗಿರಿ, ಪಾವಗಡ, ನಿಡುಗಲ್ಲು, ಚನ್ನರಾಯನದುರ್ಗಗಳು ತುಮಕೂರು ಸೀಮೆಯ ಪ್ರಸಿದ್ಧ ಗಿರಿದುರ್ಗಗಳು. ಇವುಗಳಲ್ಲಿ ಚನ್ನರಾಯನದುರ್ಗವು ಮಧುಗಿರಿಯ ಪಾಳೆಯಗಾರರ ವಶದಲ್ಲಿದ್ದು, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸೇರಿತು. ಇಂತಹ ಸ್ಥಳಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಶಾಸನಗಳು ಒಂದು ಹಂತದವರೆಗೆ ಮಾತ್ರ ನೆರವಾಗುತ್ತವೆ. ದಾನ ದತ್ತಿಗಳು ಕಲ್ಲಿನ ಮೇಲೆ ಉಳಿದಿವೆ. ಆದರೆ ಪಾಳೆಯಗಾರ ಮನೆತನಗಳ ವಂಶಾವಳಿ, ಪೊಗದಿಯ ವಿವರ, ಕೆರೆಕಟ್ಟೆಗಳ ಹಾಗೂ ಪೇಟೆಗಳ ಹುಟ್ಟು ಮೊದಲಾದ ಸಂಗತಿಗಳು ಶಾನುಭೋಗರ ಕಡತಗಳಲ್ಲಿಯೂ ಮನೆತನಗಳ ಓಲೆಗರಿಗಳಲ್ಲಿಯೂ ಅಡಗಿದ್ದವು. ಆ ಬಗೆಯ ದಾಖಲೆಗಳನ್ನು ವ್ಯವಸ್ಥಿತವಾಗಿ ಕೂಡಿಹಾಕಿದವರಲ್ಲಿ ಮೊದಲಿಗನು ಕಾಲಿನ್ ಮೆಕೆಂಜಿ. ಅವನ ಬದುಕನ್ನು ಸಂಗ್ರಾಹಕನೊಬ್ಬನ ಸಾಧನೆಯಾಗಿ ನೋಡುವುದು ವಾಡಿಕೆ. ಆದರೆ ಸಂಗ್ರಹಿಸಿದ ಮಾತ್ರಕ್ಕೆ ಬರಹವು ಉಳಿಯುವುದಿಲ್ಲವೆಂಬ ಸತ್ಯವನ್ನೂ ಅದೇ ಸಂಗ್ರಹದ ಕತೆ ತಿಳಿಸುತ್ತದೆ.

ಮೆಕೆಂಜಿಯು 1754ರ ಸುಮಾರಿಗೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬಲ್ಲಿ ಜನಿಸಿದನು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದನು. ಇಂಜಿನಿಯರನಾಗಿ ದಕ್ಷಿಣ ಭಾರತದ ಯುದ್ಧಗಳಲ್ಲಿ ಪಾಲ್ಗೊಂಡ ಅವನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದನು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನ ಪಾಲಿಗೆ ಬಂದಿತು. ಸುಮಾರು 40,000 ಚದರ ಮೈಲಿಗಳ ಈ ಕಾರ್ಯ ಸರಿಸುಮಾರು ಒಂದು ದಶಕ ನಡೆಯಿತು. ಹೊಸದಾಗಿ ಕೈವಶವಾದ ನಾಡನ್ನು ಅರಿಯಬೇಕೆಂಬುದು ಕಂಪನಿಯ ಆಡಳಿತದ ಅಗತ್ಯವಾಗಿತ್ತು. ಆದರೆ ನೆಲವನ್ನು ಅಳೆಯುವುದರ ಜೊತೆಗೆ ಆ ನೆಲದ ಚರಿತ್ರೆಯನ್ನೂ ದಾಖಲಿಸಬೇಕೆಂಬ ಹಂಬಲ ಮೆಕೆಂಜಿಯ ಸ್ವಂತದ್ದು.

ಮೆಕೆಂಜಿಗೆ ಈ ನಾಡಿನ ಭಾಷೆಗಳು ಬರುತ್ತಿರಲಿಲ್ಲ. ಅವನ ಕಣ್ಣು ಕಿವಿಗಳಾಗಿ ದುಡಿದವರು ಕಾವಲಿ ವೆಂಕಟ ಬೊರ್ರಯ್ಯ ಹಾಗೂ ಅವನ ಸಹೋದರರಾದ ಲಕ್ಷ್ಮಯ್ಯ, ರಾಮಸ್ವಾಮಿ. ಬೊರ್ರಯ್ಯನು 1803ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗ ಲಕ್ಷ್ಮಯ್ಯನು ಆ ಹೊಣೆಯನ್ನು ವಹಿಸಿಕೊಂಡನು. ಹಳಗನ್ನಡ ಶಾಸನಗಳನ್ನು ಓದುವಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನ ನೆರವು ದೊಡ್ಡದು. ಈ ಸಹಾಯಕರು ಊರೂರಿಗೆ ಹೋಗಿ ಶಾನುಭೋಗರು, ಅರ್ಚಕರು, ಮಠಾಧಿಪತಿಗಳು, ಪಾಳೆಯಗಾರರ ವಂಶಜರು ಮುಂತಾದವರನ್ನು ಕಂಡು, ಅವರಲ್ಲಿದ್ದ ದಾಖಲೆಗಳನ್ನು ನಕಲು ಮಾಡಿಕೊಂಡರು. ಬಾಯಿಮಾತಿನ ವೃತ್ತಾಂತಗಳನ್ನೂ ಬರೆದುಕೊಂಡರು. ಕಂದಾಯ ಹೆಚ್ಚೀತೆಂಬ ಅಂಜಿಕೆಯಿಂದ ದಾಖಲೆ ತೋರಿಸಲು ಹಿಂಜರಿದವರೂ ಇದ್ದರು. ಹೀಗೆ ಸಿದ್ಧವಾದ ಸ್ಥಳವೃತ್ತಾಂತಗಳೇ ಕೈಫಿಯತ್ತುಗಳು.

ಈ ನಕಲಿನ ಕಾರ್ಯದಲ್ಲಿ ಬರಹದ ಮಾಧ್ಯಮವೇ ಬದಲಾಯಿತೆಂಬುದನ್ನು ಗಮನಿಸಬೇಕು. ಓಲೆಗರಿಯಲ್ಲಿ ಅಕ್ಷರವನ್ನು ಕಂಠದಿಂದ ಕೊರೆಯಲಾಗುತ್ತದೆ. ಕಪ್ಪು ಮಾಸಿದರೂ ಮತ್ತೆ ಮಸಿ ಸವರಿ ಓದಬಹುದು. ಕಡತವೆಂದರೆ ಹುಣಸೆಬೀಜದ ಅಂಟು ಹಾಗೂ ಇದ್ದಿಲ ಪುಡಿಯನ್ನು ಲೇಪಿಸಿ ಮಡಿಸಿದ ಬಟ್ಟೆಯ ಪುಸ್ತಕ. ಬಳಪದಿಂದ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದು. ಕಾಗದದ ಮೇಲಿನ ಮಸಿಯಾದರೋ ಮೇಲ್ಮೈಯನ್ನೇ ಆಶ್ರಯಿಸಿರುತ್ತದೆ. ಮಸಿ ಮಾಸಿದರೆ ಅಥವಾ ಹಾಳೆಯನ್ನು ಹುಳು ತಿಂದರೆ ಅಕ್ಷರವನ್ನು ಮರಳಿ ಪಡೆಯುವುದು ಕಷ್ಟ. ನಕಲು ಸುಲಭವಾಯಿತು, ಸಾಗಣೆ ಸುಲಭವಾಯಿತು. ಬಾಳಿಕೆಯ ಪ್ರಶ್ನೆ ಮಾತ್ರ ಉಳಿಯಿತು.

ಮೆಕೆಂಜಿಯು 1811ರಿಂದ 1813ರವರೆಗೆ ಜಾವಾದಲ್ಲಿದ್ದು, 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. ತನ್ನ ಸಂಗ್ರಹದ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸುವ ಬಯಕೆ ಈಡೇರುವ ಮೊದಲೇ, 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ನಿಧನನಾದನು. ಕಂಪನಿಯು ಅವನ ಪತ್ನಿಯಿಂದ ಸಂಗ್ರಹವನ್ನು ಹತ್ತು ಸಾವಿರ ಪೌಂಡುಗಳಿಗೆ ಕೊಂಡುಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯಿಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಪ್ರತಿಗಳಿದ್ದವು. ಬಳಿಕ ಸಂಗ್ರಹ ಚದುರಿತು. ಒಂದು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿದವು. ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನು ಮಾಡಿದ ಮನವಿಯನ್ನು ಏಷಿಯಾಟಿಕ್ ಸೊಸೈಟಿ ಪುರಸ್ಕರಿಸಲಿಲ್ಲ. ಸಂಗ್ರಹವನ್ನು ಒಳಗಿನಿಂದ ಬಲ್ಲವನೊಬ್ಬನನ್ನು ಹೊರಗಿಟ್ಟದ್ದು ಸಂಗ್ರಹಕ್ಕೇ ಆದ ನಷ್ಟ.

1830ರ ದಶಕದಲ್ಲಿ ವಿಲಿಯಂ ಟೇಲರ್ ಮದರಾಸಿನ ಪ್ರತಿಗಳನ್ನು ಪರಿಶೀಲಿಸಿದಾಗ ಕೆಲವು ಕಾಗದದ ಪುಸ್ತಕಗಳು ಆಗಲೇ ಶಿಥಿಲಗೊಂಡಿದ್ದವು. ಅವನು ಅಂಥವನ್ನು ಹೊಸ ಹಾಳೆಗಳ ಮೇಲೆ ಮತ್ತೆ ನಕಲು ಮಾಡಿಸಿದನು. ಆ ಕಾಲಕ್ಕೆ ತಿಳಿದಿದ್ದ ಸಂರಕ್ಷಣೆ ಅದು. ಇದರಿಂದ ಪಠ್ಯ ಉಳಿಯಿತು. ಆದರೆ ಪ್ರತಿಯೊಂದು ಮರುನಕಲಿನಲ್ಲಿಯೂ ಲಿಪಿಕಾರನ ತಪ್ಪುಗಳು ಸೇರುವ ಸಂಭವವಿರುತ್ತದೆ. ಮೊದಲ ಬರಹಗಾರನ ಕೈಬರಹ, ತಿದ್ದುಪಡಿ, ಕಾಗದ, ಮಸಿ ಎಂಬ ಸಾಕ್ಷ್ಯಗಳು ಹೊಸ ಪ್ರತಿಗೆ ಬರುವುದಿಲ್ಲ. ಮೂಲವಸ್ತುವನ್ನೇ ಉಳಿಸಬೇಕು, ಹಾಳೆಗೆ ಮಾಡಿದ ಚಿಕಿತ್ಸೆ ಮುಂದೆ ಬೇಕಾದಾಗ ತೆಗೆಯುವಂತಿರಬೇಕು ಎಂಬ ಇಂದಿನ ಸಂರಕ್ಷಣಾ ಶಾಸ್ತ್ರದ ನಿಲುವಿಗೆ ಇಂತಹ ಅನುಭವಗಳೇ ಹಿನ್ನೆಲೆ.

ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳು ಎಂಬ ಸಂಪುಟದಿಂದ ಈ ಸಾಮಗ್ರಿ ಕನ್ನಡ ಸಂಶೋಧಕರಿಗೆ ಸುಲಭವಾಗಿ ದೊರೆಯಿತು. ಮುದ್ರಣವಾದ ಮಾತ್ರಕ್ಕೆ ಹಸ್ತಪ್ರತಿಯ ಕೆಲಸ ಮುಗಿಯಿತೆಂದು ಭಾವಿಸಲಾಗದು. ಯಾವ ಊರಿನ ಕಡತವು ನಾಶವಾಗಿದೆಯೋ ಆ ಊರಿನ ಮಟ್ಟಿಗೆ ಮೆಕೆಂಜಿಯ ನಕಲೇ ಮೂಲವಾಗಿದೆ. ದುರ್ಗಗಳ ಸೀಮೆಯ ಹಳೆಯ ಮನೆಗಳಲ್ಲಿ ಇನ್ನೂ ಒಂದೆರಡು ಕಡತಗಳು, ಓಲೆಕಟ್ಟುಗಳು ಉಳಿದಿದ್ದರೆ, ಅವುಗಳ ಪಠ್ಯವನ್ನು ಬರೆದುಕೊಳ್ಳುವಷ್ಟೇ ಕಾಳಜಿಯಿಂದ ಅವುಗಳ ಬಟ್ಟೆಯನ್ನೂ ಗರಿಯನ್ನೂ ಕಾಯಬೇಕಾದುದು ಕ್ಷೇತ್ರಕಾರ್ಯದ ಕರ್ತವ್ಯ.